ಅಂತರರಾಷ್ಟ್ರೀಯ ಮಾನವ ಹಕ್ಕು ಕಾನೂನಿನಲ್ಲಿ ಎಲ್‌ಎಲ್‌ಎಂ: ದಾವಣಗೆರೆ, ಚಿತ್ರದುರ್ಗದಿಂದ ಹೊರಡುವವರು ಯಾವ ಕೆಲಸ ಮೊದಲು ಮಾಡಬೇಕು

ಪ್ರತಿ ವರ್ಷ ಜನವರಿ ಬಂತೆಂದರೆ ನನಗೆ ಒಂದೇ ಥರದ ಫೋನ್ ಶುರುವಾಗುತ್ತದೆ. "ಸರ್, ಇಂಗ್ಲೆಂಡ್‌ನಿಂದ ಆಫರ್ ಬಂದಿದೆ. ಸ್ಕಾಲರ್‌ಶಿಪ್‌ಗೆ ಎಲ್ಲಿ ಅರ್ಜಿ ಹಾಕೋದು?" ಅರ್ಜಿ ಹಾಕುವ ಕಾಲ ಮುಗಿದು ಎರಡು ಮೂರು ತಿಂಗಳಾಗಿರುತ್ತದೆ. ಜೂನ್‌ನಲ್ಲಿ ಇನ್ನೊಂದು ಫೋನ್. "ಸರ್, ಟ್ರಾನ್ಸ್‌ಕ್ರಿಪ್ಟ್ ಇನ್ನೂ ಕೈಗೆ ಬಂದಿಲ್ಲ. ಸೀಟು ಹೋಗುತ್ತಾ?" ಹೋಗುತ್ತದೆ. ಹೋಗಿದ್ದನ್ನು ನೋಡಿದ್ದೇನೆ.

ಇವರ್ಯಾರೂ ದಡ್ಡರಲ್ಲ. ಅಂಕ ಚೆನ್ನಾಗಿರುತ್ತದೆ, ಇಂಗ್ಲಿಷ್ ತಕ್ಕಮಟ್ಟಿಗೆ ಇರುತ್ತದೆ. ಮಾಡಬೇಕಾದ ಕೆಲಸವನ್ನೆಲ್ಲ ಮಾಡಿಯೂ ಇರುತ್ತಾರೆ, ಆದರೆ ಹಿಂದುಮುಂದಾಗಿ. ಎಲ್ಲರೂ ಮೊದಲು ಹುಡುಕುವುದು ಯೂನಿವರ್ಸಿಟಿಗಳ ಪಟ್ಟಿ. ನನ್ನ ಲೆಕ್ಕದಲ್ಲಿ ಅದು ಐದನೇ ಕೆಲಸ.

ಹಾಗಾಗಿ ಎಲ್‌ಎಲ್‌ಎಂಗೆ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿಗೆ, ಹೊರಡುವವರಿಗೆ ಇಲ್ಲಿ ಕ್ರಮವನ್ನೇ ಬರೆದಿದ್ದೇನೆ. ಸೆಪ್ಟೆಂಬರ್‌ನಲ್ಲಿ ತರಗತಿ ಶುರುವಾಗಬೇಕೆಂದರೆ ಅದರ ಹಿಂದಿನ ವರ್ಷದ ಮಾರ್ಚ್‌ನಲ್ಲಿ ನೀವು ಹಂತ 1ರಲ್ಲಿ ಇರಬೇಕು. ಹದಿನೆಂಟು ತಿಂಗಳು ಜಾಸ್ತಿ ಅನ್ನಿಸಬಹುದು. ಕೋರ್ಟಿಗೆ ಹೋಗುತ್ತಾ, ಸೀನಿಯರ್ ಹೇಳಿದ ಕೆಲಸವನ್ನೂ ಮಾಡುತ್ತಾ ನಡೆಸಿದರೆ ಅಷ್ಟು ಬೇಕೇ ಬೇಕು.

## ಕೈಯಲ್ಲಿ ಇರಬೇಕಾದ ಸಾಮಾನು

ಒಂದು ಲ್ಯಾಪ್‌ಟಾಪ್, ಹಳೆಯದಾದರೂ ಸಾಕು. ಅರ್ಜಿಗೆಂದೇ ಹೊಸದಾಗಿ ತೆರೆದ ಒಂದು ಇಮೇಲ್. ಎಸ್‌ಎಸ್‌ಎಲ್‌ಸಿಯಿಂದ ಎಲ್‌ಎಲ್‌ಬಿವರೆಗಿನ ಎಲ್ಲ ಮಾರ್ಕ್ಸ್ ಕಾರ್ಡ್‌ಗಳ ಬಣ್ಣದ ಸ್ಕ್ಯಾನ್. ಮೊಬೈಲ್‌ನಲ್ಲಿ ಹೊಡೆದ ಫೋಟೋ ಬೇಡ, ನೆರಳು ಬಿದ್ದಿರುತ್ತದೆ. ಪಾಸ್‌ಪೋರ್ಟ್. ಒಂದು ದಪ್ಪ ನೋಟ್‌ಬುಕ್.

ನೋಟ್‌ಬುಕ್‌ನ ಮೊದಲ ಪುಟದಲ್ಲಿ ಕೊನೆ ದಿನಾಂಕಗಳನ್ನು ಬರೆಯಿರಿ. ಪ್ರತಿ ದಿನಾಂಕದ ಪಕ್ಕ ಅದಕ್ಕಿಂತ ಮೂರು ವಾರ ಹಿಂದಿನ ದಿನಾಂಕ ಹಾಕಿ. ನಿಮ್ಮ ನಿಜವಾದ ಕೊನೆ ದಿನ ಅದೇ.

## ಹಂತ 1: ಒಂದು ಪ್ರಶ್ನೆ ಹಿಡಿಯಿರಿ

"ನನಗೆ ಮಾನವ ಹಕ್ಕುಗಳಲ್ಲಿ ಆಸಕ್ತಿ" ಎನ್ನುವುದು ಪ್ರಶ್ನೆಯಲ್ಲ. ಅದನ್ನು ಅರ್ಜಿ ಹಾಕಿದ ಸಾವಿರಾರು ಜನರೂ ಹೇಳುತ್ತಾರೆ. ನೀವು ಕಣ್ಣಾರೆ ನೋಡಿದ, ಬೇರೆಯವರು ನೋಡಿರದ ಒಂದು ವಿಷಯ ಬೇಕು. ಈ ವಿಚಾರದಲ್ಲಿ ನಮ್ಮ ಕಡೆಯವರಿಗೆ ಕೊರತೆಯೇ ಇಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನೇ ತೆಗೆದುಕೊಳ್ಳಿ. ಹೊಗೆ, ಬಿಸಿ, ಕೂಲಿ, ಶಾಲೆ ಬಿಟ್ಟ ಮಕ್ಕಳು. ಬಾಲಕಾರ್ಮಿಕ ಪದ್ಧತಿ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 138 ಮತ್ತು 182ನೇ ಒಪ್ಪಂದಗಳನ್ನು ಭಾರತ ಸ್ಥಿರೀಕರಿಸಿದ್ದು, ಅಂದರೆ ಪಾಲಿಸುತ್ತೇನೆ ಅಂತ ವಿಧಿವತ್ತಾಗಿ ಒಪ್ಪಿದ್ದು, 2017ರಲ್ಲಿ. ಅಲ್ಲಿಂದ ಈಚೆಗೆ ಭಟ್ಟಿಯಲ್ಲಿ ಏನು ಬದಲಾಯಿತು? ಚಳ್ಳಕೆರೆಗೆ ಹೋದರೆ ಅಮೃತ ಮಹಲ್ ಕಾವಲು ಇದೆ. ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು, ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತು. ರೈತರು ಮತ್ತು ಗ್ರಾಮೀಣ ದುಡಿಮೆಗಾರರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಘೋಷಣೆ ಬಂದಿದ್ದು 2018ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಣಿ ಇದೆ: ಚಿತ್ರದುರ್ಗದ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರ ಆಗಸ್ಟ್‌ನಲ್ಲಿ. ಉದ್ಯಮ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳನ್ನು ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಒಪ್ಪಿದ್ದು ಅದೇ ವರ್ಷದ ಜೂನ್‌ನಲ್ಲಿ. ಫ್ಲೋರೈಡ್ ನೀರಿನ ವಿಷಯವಿದ್ದರೆ ನೀರಿನ ಹಕ್ಕಿನ ಬಗ್ಗೆ ವಿಶ್ವಸಂಸ್ಥೆಯ ಸಮಿತಿ ಕೊಟ್ಟ ವಿವರಣೆ, 2002ರ ಸಾಮಾನ್ಯ ಟಿಪ್ಪಣಿ 15, ಓದಬೇಕು.

ಪ್ರಶ್ನೆಯನ್ನು ಚೂಪು ಮಾಡುವುದು ಹೇಗೆ ಅಂತ ಒಂದು ಉದಾಹರಣೆ. ಚಿತ್ರದುರ್ಗದ ಹುಡುಗಿಯೊಬ್ಬಳು ಬಂದು "ಮಹಿಳಾ ಹಕ್ಕು" ಎಂದಳು. ಯಾವ ಮಹಿಳೆ ಅಂತ ಕೇಳಿದೆ. ಗೊಲ್ಲರಹಟ್ಟಿಯಲ್ಲಿ ಮುಟ್ಟಾದಾಗ, ಹೆರಿಗೆಯಾದಾಗ ಹಟ್ಟಿಯ ಹೊರಗೆ ಕೂರಿಸುವ ಪದ್ಧತಿಯ ಬಗ್ಗೆ ಹೇಳಿದಳು. ಮಹಿಳಾ ತಾರತಮ್ಯ ನಿವಾರಣಾ ಒಪ್ಪಂದ, ಅಂದರೆ ಸೀಡಾ, ತೆಗೆದು ನೋಡು ಎಂದೆ. ಅದರ 5(ಎ) ವಿಧಿ ಇಂಥ ರೂಢಿಗಳನ್ನು ಬದಲಿಸಬೇಕು ಎನ್ನುತ್ತದೆ. ಆದರೆ ಭಾರತ 1993ರಲ್ಲಿ ಸ್ಥಿರೀಕರಿಸುವಾಗ ಇದೇ ವಿಧಿಗೆ ಒಂದು ಘೋಷಣೆ ಅಂಟಿಸಿತು: ಯಾವುದೇ ಸಮುದಾಯದ ಖಾಸಗಿ ವಿಷಯದಲ್ಲಿ, ಆ ಸಮುದಾಯವೇ ಮುಂದೆ ಬಂದು ಒಪ್ಪದ ಹೊರತು, ಕೈ ಹಾಕುವುದಿಲ್ಲ ಅಂತ. ಇತ್ತ ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಮುಟ್ಟಾದ ಹೆಂಗಸರನ್ನು ಬಲವಂತವಾಗಿ ಊರಾಚೆ ಇಡುವುದನ್ನು ಅಪರಾಧ ಎಂದಿತು. ದೆಹಲಿ ಕೈ ಹಾಕಲ್ಲ ಎಂದಿದ್ದಕ್ಕೆ ಬೆಂಗಳೂರು ಕೈ ಹಾಕಿದೆ. ಹಾಗಾದರೆ ಆ ಘೋಷಣೆಗೆ ಇವತ್ತು ಏನು ಬೆಲೆ? ಇದು ಪ್ರಶ್ನೆ. ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ, ಅದಕ್ಕೇ ಇದು ಒಳ್ಳೆಯ ಪ್ರಶ್ನೆ.

ನಿಮ್ಮ ಪ್ರಶ್ನೆ ಸರಿಯಾಗಿದೆಯಾ ಅಂತ ನೋಡಲು ಮೂರು ಸಂಗತಿ ಹುಡುಕಿ: ಒಂದು ಊರು ಅಥವಾ ಒಂದು ಕಸುಬು, ಒಂದು ಒಪ್ಪಂದದ ಒಂದು ವಿಧಿ, ಎರಡರ ನಡುವೆ ಒಂದು ಜಗ್ಗಾಟ. ಮೂರರಲ್ಲಿ ಒಂದು ಇಲ್ಲದಿದ್ದರೂ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 2: ಹೆಸರು ಮತ್ತು ಕಾಗದಪತ್ರ

ನನ್ನದೇ ಒಂದು ವರ್ಷ ಹೋಗಿದ್ದು ಇಲ್ಲಿ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್. ಪದವಿಯಲ್ಲಿ ಒಂದೇ. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರನ್ನೇ ಬಿಡಿಸಿ ಸರ್‌ನೇಮ್ ಮಾಡಿಸಿದ್ದೆ. ಅರ್ಜಿ ತುಂಬಿಕೊಟ್ಟವನು ಕೇಳಿದ, ನಾನು ಹೂಂ ಅಂದೆ. ಮೂರು ದಾಖಲೆಯಲ್ಲಿ ಮೂರು ಮನುಷ್ಯರಾದೆ. ಸರಿಪಡಿಸುವ ಹೊತ್ತಿಗೆ ಕೋರ್ಸ್ ಶುರುವಾಗಿತ್ತು.

ಸರ್‌ನೇಮ್ ಇಲ್ಲದ, ಇನಿಷಿಯಲ್ ಮಾತ್ರ ಇರುವ ಹೆಸರು ನಮ್ಮಲ್ಲಿ ಮಾಮೂಲಿ. ಹೊರದೇಶದ ಅರ್ಜಿಗಳಿಗೆ ಅದು ಅರ್ಥವಾಗುವುದಿಲ್ಲ. ಆದ್ದರಿಂದ ಕ್ರಮ ಹೀಗಿರಲಿ.

ಮೊದಲು ಎಲ್ಲ ದಾಖಲೆಗಳ ಹೆಸರನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದು ಹೋಲಿಸಿ. ತಂದೆ ತಾಯಿಯ ಹೆಸರಿನ ಸ್ಪೆಲ್ಲಿಂಗ್ ಕೂಡ. ವ್ಯತ್ಯಾಸ ಇದ್ದರೆ ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಯಾವ ಹೆಸರು ಉಳಿಸಿಕೊಳ್ಳಬೇಕು ಅಂತ ತೀರ್ಮಾನಿಸಿ. ಸಣ್ಣ ವ್ಯತ್ಯಾಸವಿದ್ದರೆ "ಈ ಎರಡೂ ಹೆಸರು ಒಬ್ಬರದೇ" ಎಂದು ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ವಕೀಲರಾಗಿ ಇದನ್ನು ದಿನಾ ಬೇರೆಯವರಿಗೆ ಮಾಡಿಕೊಡುತ್ತೀರಿ, ನಿಮಗೆ ಮಾತ್ರ ಮಾಡಿಕೊಂಡಿರುವುದಿಲ್ಲ. ಪಾಸ್‌ಪೋರ್ಟ್‌ಗೆ ಬೆಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕಿಲ್ಲ, ದಾವಣಗೆರೆಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ.

ಆಮೇಲೆ ಟ್ರಾನ್ಸ್‌ಕ್ರಿಪ್ಟ್. ಮಾರ್ಕ್ಸ್ ಕಾರ್ಡ್ ಬೇರೆ, ಟ್ರಾನ್ಸ್‌ಕ್ರಿಪ್ಟ್ ಬೇರೆ. ಎಲ್ಲ ಸೆಮಿಸ್ಟರ್‌ಗಳ ವಿಷಯ ಮತ್ತು ಅಂಕವನ್ನು ಒಟ್ಟಿಗೆ ಬರೆದು ವಿಶ್ವವಿದ್ಯಾಲಯ ಸಹಿ, ಮೊಹರು ಹಾಕಿ ಕೊಡುವ ಪತ್ರ ಇದು. ಕಾಲೇಜಿನಲ್ಲಿ ಸಿಗುವುದಿಲ್ಲ. ನಮ್ಮ ಎರಡೂ ಜಿಲ್ಲೆಯ ಕಾನೂನು ಕಾಲೇಜುಗಳು ಹುಬ್ಬಳ್ಳಿ ನವನಗರದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಆ ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ. ಅದಕ್ಕಿಂತ ಹಿಂದಿನವರು ಮಾರ್ಕ್ಸ್ ಕಾರ್ಡ್ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅಲ್ಲಿಗೇ ಹೋಗಬೇಕು. ಮೂರು ವರ್ಷದ ಎಲ್‌ಎಲ್‌ಬಿ ಮಾಡಿದವರಿಗೆ ಇನ್ನೊಂದು ಕೆಲಸ ಇದೆ: ಬಿಎ, ಬಿಕಾಂನ ಟ್ರಾನ್ಸ್‌ಕ್ರಿಪ್ಟ್ ಕೂಡ ಬೇಕು. ಇದನ್ನು ಹತ್ತರಲ್ಲಿ ಏಳು ಜನ ಮರೆಯುತ್ತಾರೆ.

ಕನಿಷ್ಠ ಐದು ಸೆಟ್, ಮೊಹರು ಮಾಡಿದ ಲಕೋಟೆಯಲ್ಲಿ ಕೇಳಿ. ಲಕೋಟೆ ಒಡೆಯಬೇಡಿ. ಒಂದನ್ನು ಮಾತ್ರ ಒಡೆದು ಸ್ಕ್ಯಾನ್ ಮಾಡಿ.

ಎಚ್ಚರಿಕೆ: ಎರಡು ಬ್ಯಾಕ್‌ಲಾಗ್ ಇದ್ದವರು ಅದನ್ನು ಮುಚ್ಚಿಡಲು ನೋಡುತ್ತಾರೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಎಲ್ಲವೂ ಕಾಣುತ್ತದೆ. ಫೇಲಾಗಿದ್ದು ಸೀಟು ತಪ್ಪಿಸುವುದಿಲ್ಲ, ಮುಚ್ಚಿಟ್ಟಿದ್ದು ತಪ್ಪಿಸುತ್ತದೆ.

## ಹಂತ 3: ತಳಪಾಯದ ಓದು, ಮೂರು ತಿಂಗಳು

ಇಲ್ಲಿ ಎಲ್ಲರೂ ಮಾಡುವ ತಪ್ಪು ಗೈಡ್ ಓದುವುದು. ಎಲ್‌ಎಲ್‌ಬಿ ಪರೀಕ್ಷೆಗೆ ಗೈಡ್ ಸಾಕಾಗಿತ್ತು, ಒಪ್ಪುತ್ತೇನೆ. ಇಲ್ಲಿ ಮೂಲ ಪಠ್ಯವನ್ನೇ ಓದಬೇಕು. ಎಲ್ಲವೂ ಪುಕ್ಕಟೆಯಾಗಿ ಸಿಗುತ್ತದೆ.

ಮೊದಲ ತಿಂಗಳು ನಾಲ್ಕೇ ಪಠ್ಯ. ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿ. ಅಂತರರಾಷ್ಟ್ರೀಯ ಕಾನೂನು ಎಲ್ಲಿಂದ ಬರುತ್ತದೆ ಅನ್ನುವುದು ಅಲ್ಲಿದೆ. 1948ರ ಸಾರ್ವತ್ರಿಕ ಘೋಷಣೆ, ಮೂವತ್ತೇ ವಿಧಿ. ಆಮೇಲೆ 1966ರ ಎರಡು ಒಡಂಬಡಿಕೆಗಳು: ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದು ಒಂದು, ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳದ್ದು ಇನ್ನೊಂದು. ಭಾರತ ಇವೆರಡನ್ನೂ ಒಪ್ಪಿದ್ದು 1979ರ ಏಪ್ರಿಲ್‌ನಲ್ಲಿ. ದಿನಕ್ಕೆ ನಾಲ್ಕು ವಿಧಿ ಓದಿ, ಪ್ರತಿಯೊಂದನ್ನೂ ಕನ್ನಡದಲ್ಲಿ ನಿಮ್ಮ ಮಾತಿನಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆಯಲು ಆಗಲಿಲ್ಲ ಅಂದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ.

ಎರಡನೇ ತಿಂಗಳು ಭಾರತ ಏನನ್ನು ಒಪ್ಪಿಲ್ಲ ಅಂತ ನೋಡಿ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದೆ, ಇವತ್ತಿಗೂ ಸ್ಥಿರೀಕರಿಸಿಲ್ಲ. ಸಹಿಗೂ ಸ್ಥಿರೀಕರಣಕ್ಕೂ ಇರುವ ವ್ಯತ್ಯಾಸ ಇಲ್ಲಿ ಗೊತ್ತಾಗದಿದ್ದರೆ ಸಂದರ್ಶನದಲ್ಲಿ ಮುಗ್ಗರಿಸುತ್ತೀರಿ. ನಾಗರಿಕ ಹಕ್ಕುಗಳ ಒಡಂಬಡಿಕೆಯ ಪಾಲನೆ ನೋಡುವ ಜಿನೀವಾದ ಮಾನವ ಹಕ್ಕು ಸಮಿತಿಗೆ ಇಲ್ಲಿಯ ನಾಗರಿಕನೊಬ್ಬ ನೇರವಾಗಿ ದೂರು ಕೊಡಲು ಆಗುವುದಿಲ್ಲ, ಯಾಕೆಂದರೆ ಅದಕ್ಕೆ ದಾರಿ ಮಾಡಿಕೊಡುವ ಪೂರಕ ಒಪ್ಪಂದವನ್ನು, ಅಂದರೆ ಐಚ್ಛಿಕ ಪ್ರೋಟೊಕಾಲ್ ಅನ್ನು, ಭಾರತ ಒಪ್ಪಿಲ್ಲ. ಹಾಗಿದ್ದರೆ ಈ ಸಮಿತಿಯಿಂದ ಏನು ಉಪಯೋಗ? 2024ರ ಜುಲೈನಲ್ಲಿ ಅದು ಭಾರತದ ವರದಿಯನ್ನು ಪರಿಶೀಲಿಸಿ ಕೊಟ್ಟ ಅಂತಿಮ ಅಭಿಪ್ರಾಯ ಓದಿ. ಅದಕ್ಕೂ ಹಿಂದಿನ ಪರಿಶೀಲನೆ ನಡೆದಿದ್ದು 1997ರಲ್ಲಿ. ಸರ್ಕಾರ ಏನು ಬರೆಯಿತು, ಸಮಿತಿ ಏನು ಕೇಳಿತು, ಎರಡನ್ನೂ ಎದುರುಬದುರು ಇಟ್ಟುಕೊಂಡು ಓದಿದರೆ ಗೈಡ್‌ನಿಂದ ಬರದ ತಿಳಿವಳಿಕೆ ಬರುತ್ತದೆ.

ಮೂರನೇ ತಿಂಗಳು ನಮ್ಮ ತೀರ್ಪುಗಳು. ಎಲ್ಲರೂ ವಿಶಾಖಾದಿಂದ ಶುರುಮಾಡುತ್ತಾರೆ. 1997ರ ಆ ತೀರ್ಪು ಮುಖ್ಯವೇ, ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ಸೀಡಾ ಆಧರಿಸಿ ನಮ್ಮ ನ್ಯಾಯಾಲಯ ಮಾರ್ಗಸೂಚಿ ಮಾಡಿದ್ದು ಅಲ್ಲಿ. ಆದರೆ ಕೆಳ ನ್ಯಾಯಾಲಯದ ವಕೀಲರಿಗೆ ನಾನು ಮೊದಲು ಓದಿಸುವುದು 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪು. ನೀವು ದಿನಾ ಹಾಕುವ ಅಮಲ್ಜಾರಿ ಅರ್ಜಿ ನೆನಪಿಸಿಕೊಳ್ಳಿ. ಡಿಕ್ರಿ ದುಡ್ಡು ಕಟ್ಟದ ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕಿ ಅಂತ ಕೇಳುತ್ತೀರಿ. ಕೊಟ್ಟ ಮಾತಿನಂತೆ ಹಣ ಕಟ್ಟಲು ಆಗದ ಒಂದೇ ಕಾರಣಕ್ಕೆ ಯಾರನ್ನೂ ಜೈಲಿಗೆ ಹಾಕಬಾರದು ಎನ್ನುತ್ತದೆ ನಾಗರಿಕ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ. ಸುಪ್ರೀಂ ಕೋರ್ಟ್ ಇವೆರಡನ್ನು ಮುಖಾಮುಖಿ ಮಾಡಿ, ಕಟ್ಟುವ ಶಕ್ತಿ ಇದ್ದೂ ಕೆಟ್ಟ ಉದ್ದೇಶದಿಂದ ತಪ್ಪಿಸಿಕೊಳ್ಳುವವನಿಗೆ ಮಾತ್ರ ಜೈಲು ಎಂದಿತು. ಜಿನೀವಾದ ಕಾಗದ ದಾವಣಗೆರೆಯ ಕೋರ್ಟ್ ಹಾಲ್‌ಗೆ ಹೇಗೆ ಬಂದು ಮುಟ್ಟುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಇದಾದ ಮೇಲೆ 1993ರ ನೀಲಬತಿ ಬೆಹೆರಾ (ಪೊಲೀಸ್ ವಶದಲ್ಲಿನ ಸಾವಿಗೆ ಪರಿಹಾರ), 2014ರ ನಾಲ್ಸಾ (ಲಿಂಗತ್ವ ಅಲ್ಪಸಂಖ್ಯಾತರ ಹಕ್ಕು), 2017ರ ಪುಟ್ಟಸ್ವಾಮಿ (ಖಾಸಗಿತನದ ಹಕ್ಕು). ಜೊತೆಗೆ ಅಂತರರಾಷ್ಟ್ರೀಯ ಕಾನೂನು, ಒಪ್ಪಂದಗಳ ಬಗ್ಗೆ ಹೇಳುವ ಸಂವಿಧಾನದ 51(ಸಿ) ಮತ್ತು 253ನೇ ವಿಧಿಗಳು, 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ.

ಪ್ರತಿ ತೀರ್ಪಿಗೂ ಒಂದೇ ಪುಟದ ಟಿಪ್ಪಣಿ. ಯಾವ ಒಪ್ಪಂದ, ಯಾವ ವಿಧಿ, ನ್ಯಾಯಾಲಯ ಅದನ್ನು ಕಾನೂನಾಗಿ ಬಳಸಿತಾ, ಸುಮ್ನೆ ಅಲಂಕಾರಕ್ಕೆ ಹೆಸರು ಹೇಳಿತಾ. ಈ ಕೊನೆಯ ಪ್ರಶ್ನೆ ಮರೆಯಬೇಡಿ.

## ಹಂತ 4: ಇಂಗ್ಲಿಷ್ ಪರೀಕ್ಷೆ

ಐಇಎಲ್‌ಟಿಎಸ್ ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ, ಆದ್ದರಿಂದ ಬಹಳ ಬೇಗ ಬರೆಯಬೇಡಿ. ಕಾನೂನು ಕೋರ್ಸ್‌ಗಳು ಸಾಮಾನ್ಯವಾಗಿ 6.5ರಿಂದ 7.5ರವರೆಗೆ ಕೇಳುತ್ತವೆ. ನಾಲ್ಕು ಭಾಗಗಳಿಗೂ ಬೇರೆ ಬೇರೆ ಕನಿಷ್ಠ ಅಂಕ ಇರುತ್ತದೆ. ಒಟ್ಟು 7 ಬಂದು ಬರವಣಿಗೆಯಲ್ಲಿ 6 ಬಂದರೆ ಉಪಯೋಗವಿಲ್ಲ.

ನಮ್ಮವರು ಸೋಲುವುದು ಹೆಚ್ಚಾಗಿ ಬರವಣಿಗೆಯಲ್ಲೇ. ಕೋರ್ಟಿನ ಇಂಗ್ಲಿಷ್ ಕೈಗೆ ಅಂಟಿಕೊಂಡಿರುತ್ತದೆ. ಪ್ಲೇಂಟ್ ಬರೆದ ಹಾಗೆ ಅರ್ಧ ಪುಟದ ವಾಕ್ಯ ಬರೆಯುತ್ತಾರೆ. ದಿನಕ್ಕೊಂದು 250 ಪದದ ಪ್ರಬಂಧ, 40 ನಿಮಿಷದಲ್ಲಿ, ಎರಡು ತಿಂಗಳು ಬರೆಯಿರಿ. ಎಲ್‌ಎಲ್‌ಬಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು "ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇನೆ" ಎಂಬ ಪತ್ರ ತೋರಿಸಿ ಪರೀಕ್ಷೆ ತಪ್ಪಿಸಿಕೊಳ್ಳಲು ಹೋಗಬೇಡಿ. ಆರು ತಿಂಗಳು ಜಾಸ್ತಿ ಕಷ್ಟಪಟ್ಟು ಪರೀಕ್ಷೆ ಬರೆಯಿರಿ.

## ಹಂತ 5: ಈಗ ಕೋರ್ಸ್ ಹುಡುಕಿ

ಕೈಯಲ್ಲಿ ಪ್ರಶ್ನೆ ಇದ್ದರೆ ಈ ಹಂತ ವಾರದಲ್ಲಿ ಮುಗಿಯುತ್ತದೆ. ಪ್ರತಿ ಕೋರ್ಸ್‌ನ ವಿಷಯಪಟ್ಟಿ ತೆಗೆದು ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಪೇಪರ್ ಇದೆಯಾ ನೋಡಿ. ಕೆಲವು ಕೋರ್ಸ್‌ಗಳ ಹೆಸರಿನಲ್ಲಿ "ಅಂತರರಾಷ್ಟ್ರೀಯ" ಇರುತ್ತದೆ, ಒಳಗೆ ಓದಿಸುವುದು ಯುರೋಪಿನ ಮಾನವ ಹಕ್ಕು ನ್ಯಾಯಾಲಯವನ್ನೇ. ಅದು ತಪ್ಪಲ್ಲ. ಮಂಡಕ್ಕಿ ಭಟ್ಟಿಯ ಪ್ರಶ್ನೆ ಇಟ್ಟುಕೊಂಡವರಿಗೆ ಸಾಲದು, ಅಷ್ಟೇ.

ಇಂಗ್ಲೆಂಡಿನಲ್ಲಿ ಎಸೆಕ್ಸ್ ಮತ್ತು ನಾಟಿಂಗ್‌ಹ್ಯಾಮ್, ಐರ್ಲೆಂಡಿನ ಗಾಲ್ವೆಯಲ್ಲಿರುವ ಐರಿಶ್ ಮಾನವ ಹಕ್ಕು ಕೇಂದ್ರ, ಸ್ವೀಡನ್ನಿನ ಲುಂಡ್, ಜಿನೀವಾ ಅಕಾಡೆಮಿ, ವಿಯೆನ್ನಾದ ಸೆಂಟ್ರಲ್ ಯುರೋಪಿಯನ್ ಯೂನಿವರ್ಸಿಟಿ, ಅಮೆರಿಕದ ನಾಟರ್ ಡೇಮ್ — ಈ ವಿಷಯಕ್ಕೆ ಹೆಸರಾದ ಜಾಗಗಳು. ಇಂಗ್ಲೆಂಡ್, ಐರ್ಲೆಂಡ್‌ನಲ್ಲಿ ಒಂದು ವರ್ಷ. ಲುಂಡ್‌ನಲ್ಲಿ ಎರಡು ವರ್ಷ, ಸ್ವೀಡನ್ನಿನ ಅರ್ಜಿಗಳೆಲ್ಲ ಒಂದೇ ಜಾಲತಾಣದಲ್ಲಿ ಜನವರಿ ಮಧ್ಯದೊಳಗೆ ಹೋಗಬೇಕು. ಪ್ರಾಕ್ಟೀಸ್ ಬಿಡಲಾಗದವರಿಗೆ ಇದೇ ವಿಷಯದಲ್ಲಿ ಆಕ್ಸ್‌ಫರ್ಡ್‌ನ ಅರೆಕಾಲಿಕ ಎಂಎಸ್‌ಸಿ ಇದೆ. ಎರಡು ಬೇಸಿಗೆ ಅಲ್ಲಿಗೆ ಹೋಗಬೇಕು, ಉಳಿದದ್ದು ಮನೆಯಿಂದ. ಫೀಸು ನೋಡಿ ಎದೆ ಗಟ್ಟಿ ಮಾಡಿಕೊಳ್ಳಿ.

ಹೊರದೇಶಕ್ಕೇ ಹೋಗಬೇಕು ಅಂತೇನಿಲ್ಲ, ಅಲ್ವಾ? ಕ್ಲ್ಯಾಟ್ ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲೋ ಬೇರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲೋ ಒಂದು ವರ್ಷದ ಎಲ್‌ಎಲ್‌ಎಂ ಮಾಡಬಹುದು. 120 ಪ್ರಶ್ನೆ, 120 ನಿಮಿಷ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಈಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರ್‌ನಲ್ಲಿ ನಡೆಯುತ್ತಿದೆ.

ಎಚ್ಚರಿಕೆ: ಮುಂದೆ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಈ ಹಂತದಲ್ಲೇ ನಿಂತು ಯೋಚಿಸಿ. ಹೊರದೇಶದ ಒಂದು ವರ್ಷದ ಎಲ್‌ಎಲ್‌ಎಂ ಭಾರತದ ಎಲ್‌ಎಲ್‌ಎಂಗೆ ಸಮವಲ್ಲ ಎಂಬ ನಿಯಮವನ್ನು ಬಾರ್ ಕೌನ್ಸಿಲ್ 2021ರ ಜನವರಿಯಲ್ಲಿ ಪ್ರಕಟಿಸಿತು, ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯಿತು. ನೀವು ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಅಂತ ನೋಡಿಕೊಳ್ಳದೆ ಫೀಸು ಕಟ್ಟಬೇಡಿ. ಪಾಠದ ಕೆಲಸವೇ ಗುರಿಯಾದರೆ ಇಲ್ಲೇ ಎಲ್‌ಎಲ್‌ಎಂ ಮಾಡಿ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಬರೆಯುವುದು ನೇರ ದಾರಿ.

## ಹಂತ 6: ದುಡ್ಡು

ಆಫರ್ ಬಂದ ಮೇಲೆ ದುಡ್ಡು ಹುಡುಕುವವರು ಸೋಲುತ್ತಾರೆ. ಯಾಕೆಂದರೆ ದೊಡ್ಡ ಸ್ಕಾಲರ್‌ಶಿಪ್‌ಗಳ ಬಾಗಿಲು ಆಫರ್‌ಗಿಂತ ಮೊದಲೇ ಮುಚ್ಚುತ್ತದೆ.

ಬ್ರಿಟನ್ ಸರ್ಕಾರದ ಚೀವನಿಂಗ್ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್ ಇಲ್ಲವೇ ನವೆಂಬರ್‌ನಲ್ಲಿ ಮುಚ್ಚುತ್ತದೆ. 2,800 ಗಂಟೆ ಕೆಲಸದ ಅನುಭವ ಬೇಕು, ಅಂದರೆ ಸುಮಾರು ಎರಡು ವರ್ಷ. ಓದು ಮುಗಿಸಿ ಎರಡು ವರ್ಷ ಭಾರತದಲ್ಲಿ ಇರಬೇಕು. ಇಲ್ಲಿ ಜೂನಿಯರ್ ವಕೀಲರಿಗೊಂದು ತಾಪತ್ರಯ. ಸೀನಿಯರ್ ಕೊಡುವುದು ಪೆಟ್ರೋಲ್ ಖರ್ಚು, ಸ್ಯಾಲರಿ ಸ್ಲಿಪ್ ಎಲ್ಲಿಂದ ತರೋದು? ಸನ್ನದು ಪಡೆದ ದಿನದಿಂದ ಡೈರಿ ಇಡಿ. ದಿನಾಂಕ, ಕೇಸ್ ನಂಬರ್, ಏನು ಕೆಲಸ, ಎಷ್ಟು ಗಂಟೆ. ಸೀನಿಯರ್‌ರಿಂದ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಬರೆಸಿಕೊಳ್ಳಿ. ಕಾನೂನು ನೆರವು ಪ್ರಾಧಿಕಾರದಲ್ಲಿ ಮಾಡಿದ ಕೆಲಸವಿದ್ದರೆ ಅದರ ಪತ್ರವನ್ನೂ ಇಟ್ಟುಕೊಳ್ಳಿ. ಡೈರಿ ಇಲ್ಲದೆ ನೆನಪಿನಿಂದ ಗಂಟೆ ಲೆಕ್ಕ ಹಾಕಿದವರು ಎರಡು ಕಡೆ ಎರಡು ಸಂಖ್ಯೆ ಬರೆದು ಸಿಕ್ಕಿಬೀಳುತ್ತಾರೆ.

ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯದವರಿಗೆ, ಭೂಮಿಯಿಲ್ಲದ ಕೃಷಿ ಕೂಲಿಗಳ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವಯಸ್ಸು 35ರೊಳಗೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ, ಪದವಿಯಲ್ಲಿ 60 ಶೇಕಡಾ. ಒಂದು ಗುಂಡಿ ಇದೆ, ನೋಡಿಕೊಂಡು ಹೆಜ್ಜೆ ಇಡಿ. ಭಾರತದ ಸಂಸ್ಕೃತಿ, ಇತಿಹಾಸ, ಭಾರತ ಆಧಾರಿತ ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಹಣವಿಲ್ಲ ಎಂಬ ಷರತ್ತು 2022ರ ಮಾರ್ಗಸೂಚಿಯಲ್ಲಿ ಬಂತು. ಹಂತ 1ರಲ್ಲಿ ನಾನೇ ಊರಿನ ಪ್ರಶ್ನೆ ಹಿಡಿಯಿರಿ ಎಂದೆ. ಈ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆ ವರ್ಷದ ಮಾರ್ಗಸೂಚಿ ಓದಿ, ಕಾನೂನಿನ ಪ್ರಶ್ನೆಯನ್ನು ಮುಂದಿಟ್ಟು ಬರೆಯಿರಿ. ಆ ಷರತ್ತು ಸರಿಯೇ ಅಂತ ಕೇಳಿದರೆ ನನ್ನ ಉತ್ತರ ಬೇರೆ ಇದೆ, ಅದಕ್ಕೆ ಈ ಜಾಗ ಅಲ್ಲ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ಪರಿಶಿಷ್ಟ ಜಾತಿ, ಪಂಗಡದವರು ನೋಡಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ, ಹೆಸರು ಹಂತ 2ರ ಹಾಳೆಗೆ ಹೊಂದಲಿ.

ಐರ್ಲೆಂಡ್ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಒಂದು ವರ್ಷದ ಫೀಸು ಮಾಫಿ, ಜೊತೆಗೆ 10,000 ಯೂರೊ. ಗಾಲ್ವೆಗೆ ಹೋಗುವವರು ಮರೆಯಬೇಡಿ. ಜೆ.ಎನ್. ಟಾಟಾ ಎಂಡೋಮೆಂಟ್‌ನ ಸಾಲ ವಿದ್ಯಾರ್ಥಿವೇತನ ಮತ್ತು ಇನ್‌ಲ್ಯಾಕ್ಸ್ ಕೂಡ ಪಟ್ಟಿಯಲ್ಲಿರಲಿ.

ಬ್ಯಾಂಕ್ ಸಾಲ ಕೊನೆಗೆ. ಸಾಮಾನ್ಯವಾಗಿ 7.5 ಲಕ್ಷ ದಾಟಿದರೆ ಆಸ್ತಿ ಅಡಮಾನ ಕೇಳುತ್ತಾರೆ. ಹೊಲದ ಪಹಣಿ ಹಿಡಿದುಕೊಂಡು ಹೋದರೆ ಹೆಚ್ಚಿನ ಶಾಖೆಗಳು ತಲೆ ಅಲ್ಲಾಡಿಸುತ್ತವೆ. ಮನೆ ಅಥವಾ ಸೈಟು ಬೇಕು. ಹಳ್ಳಿಯ ಮನೆಯಾದರೆ ಇ-ಸ್ವತ್ತು ಮಾಡಿಸಿರಬೇಕು, ಅದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಪ್ಪನ ಹೆಸರಿಗೆ ಖಾತೆ ಆಗಿಲ್ಲದೆ ತಾತನ ಹೆಸರಲ್ಲೇ ಇದ್ದರೆ ಇವತ್ತೇ ಆ ಕೆಲಸ ಶುರುಮಾಡಿ.

ಎಚ್ಚರಿಕೆ: "ಪುಕ್ಕಟೆ ಕೌನ್ಸೆಲಿಂಗ್" ಎನ್ನುವ ಏಜೆಂಟರಿಗೆ ಕಮಿಷನ್ ಬರುವುದು ಯೂನಿವರ್ಸಿಟಿಗಳಿಂದ. ನಿಮ್ಮ ಪ್ರಶ್ನೆ ಕೇಳದೆಯೇ ಮೂರು ಹೆಸರು ಹೇಳಿದರೆ ಎದ್ದು ಬನ್ನಿ. ನಿಮ್ಮ ಇಮೇಲ್ ಪಾಸ್‌ವರ್ಡ್ ಕೇಳಿದರಂತೂ ಓಡಿ ಬನ್ನಿ.

## ಹಂತ 7: ಎಸ್‌ಒಪಿ ಮತ್ತು ಶಿಫಾರಸು ಪತ್ರ

ಎಸ್‌ಒಪಿ ಅಂದರೆ ಈ ಕೋರ್ಸ್ ಯಾಕೆ ಬೇಕು ಅಂತ ನೀವೇ ಬರೆದು ಕಳಿಸುವ ಪತ್ರ. ನನ್ನ ಕೈಗೆ ಬರುವ ಎಸ್‌ಒಪಿಗಳಲ್ಲಿ ಮುಕ್ಕಾಲು ಪಾಲು "ಬಾಲ್ಯದಿಂದಲೂ ನನಗೆ ನ್ಯಾಯದ ಹಂಬಲ" ಎಂದೇ ಶುರುವಾಗುತ್ತವೆ. ಎರಡನೇ ಸಾಲಿನಲ್ಲಿ ದೊಡ್ಡವರೊಬ್ಬರ ಮಾತು. ಮೂರನೇ ಸಾಲಿನಲ್ಲಿ ಆ ಯೂನಿವರ್ಸಿಟಿಯ ಹೊಗಳಿಕೆ. ಅವರಿಗೆ ಅವರ ಬಗ್ಗೆ ಗೊತ್ತು.

ಹೀಗೆ ಮಾಡಿ. ಕೋರ್ಟ್ ಎದುರಿನ ಚಹಾದಂಗಡಿಯಲ್ಲಿ ಗೆಳೆಯನ ಮುಂದೆ ನಿಮ್ಮ ಪ್ರಶ್ನೆಯನ್ನು ಕನ್ನಡದಲ್ಲಿ ಹತ್ತು ನಿಮಿಷ ವಿವರಿಸಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಅವನು "ಆಮೇಲೆ?" ಅಂತ ಕೇಳಿದ ಜಾಗದಿಂದ ಎಸ್‌ಒಪಿ ಶುರುಮಾಡಿ. ಆ ಚಿತ್ರದುರ್ಗದ ಹುಡುಗಿಯ ಮೊದಲ ಸಾಲು ಕೊನೆಗೆ ಹೀಗಾಯಿತು: "ನನ್ನ ಗೆಳತಿ ಬಾಣಂತನವನ್ನು ಕಳೆದ ಗುಡಿಸಲಿಗೆ ಬಾಗಿಲಿರಲಿಲ್ಲ, ಅದನ್ನು ಅಪರಾಧ ಎನ್ನುವ ಕಾಯ್ದೆ ಆಗ ಜಾರಿಯಲ್ಲಿತ್ತು." ಗೆಳತಿಯ ಹೆಸರು, ಊರು ತೆಗೆಸಿದೆ. ಕೇಳದೆ ಬೇರೆಯವರ ಸಂಕಟವನ್ನು ಅರ್ಜಿಗೆ ಹಾಕಬಾರದು.

ಅದಾದ ಮೇಲೆ ಪ್ರಶ್ನೆ, ಇಲ್ಲಿಯವರೆಗೆ ನೀವು ಓದಿದ್ದು ಮತ್ತು ಮಾಡಿದ್ದು, ಆ ಕೋರ್ಸ್‌ನ ಯಾವ ಪೇಪರ್ ಏಕೆ ಬೇಕು, ಮುಗಿಸಿ ಬಂದು ಏನು ಮಾಡುತ್ತೀರಿ. ಒಂದೇ ಎಸ್‌ಒಪಿಯನ್ನು ಹೆಸರು ಬದಲಿಸಿ ನಾಲ್ಕು ಕಡೆ ಕಳಿಸಿದರೆ ಎಲ್ಲೋ ಒಂದು ಕಡೆ ಹಳೆಯ ಹೆಸರು ಉಳಿದಿರುತ್ತದೆ. ಲುಂಡ್‌ಗೆ ಹೋದ ಅರ್ಜಿಯಲ್ಲಿ "ಎಸೆಕ್ಸ್ ನನ್ನ ಕನಸು" ಇತ್ತು. ನಗಬೇಡಿ, ರಾತ್ರಿ ಎರಡು ಗಂಟೆಗೆ ಎಲ್ಲರೂ ಮಾಡುತ್ತಾರೆ.

ಶಿಫಾರಸು ಪತ್ರಕ್ಕೆ ಎರಡು ತಿಂಗಳು ಮೊದಲೇ ಮೇಷ್ಟ್ರನ್ನು ಕೇಳಿ. ನಿಮ್ಮ ಅಂಕ, ಅವರ ತರಗತಿಯಲ್ಲಿ ಬರೆದ ಪ್ರಬಂಧ, ಮೂಟ್ ಕೋರ್ಟ್ ವಿವರವನ್ನು ಒಂದು ಪುಟದಲ್ಲಿ ಬರೆದುಕೊಡಿ. "ನೀನೇ ಬರ್ಕೊಂಡು ಬಾರಪ್ಪಾ, ಸಹಿ ಹಾಕ್ತೀನಿ" ಎಂದರೆ ನಯವಾಗಿ ಆ ಪುಟವನ್ನೇ ಮತ್ತೆ ಮುಂದಿಡಿ. ಎರಡು ಪತ್ರ ಒಂದೇ ಧಾಟಿಯ ಇಂಗ್ಲಿಷ್‌ನಲ್ಲಿದ್ದರೆ ಓದುವವರಿಗೆ ಗೊತ್ತಾಗುತ್ತದೆ. ಹೆಚ್ಚಿನ ಕಡೆ ಪತ್ರ ಹೋಗಬೇಕಾಗಿರುವುದು ಕಾಲೇಜಿನ ಅಧಿಕೃತ ಇಮೇಲ್‌ನಿಂದ. ಮೇಷ್ಟ್ರು ಜಿಮೇಲ್ ಮಾತ್ರ ಬಳಸುತ್ತಿದ್ದರೆ ಪ್ರಿನ್ಸಿಪಾಲರ ಕಚೇರಿಯ ಇಮೇಲ್‌ನಿಂದ ಕಳಿಸಬಹುದೇ ಅಂತ ಯೂನಿವರ್ಸಿಟಿಯನ್ನು ಮೊದಲೇ ಕೇಳಿ.

## ಹಂತ 8: ಆಫರ್‌ನಿಂದ ವೀಸಾವರೆಗೆ

ಷರತ್ತಿನ ಆಫರ್ ಬಂದಾಗ ಸಿಹಿ ಹಂಚಬೇಡಿ, ಷರತ್ತು ಓದಿ. ಬ್ರಿಟನ್‌ಗೆ ಹೋಗುವವರಿಗೆ ಮೂರು ಸಂಗತಿ. ಬ್ಯಾಂಕಿನಲ್ಲಿ ತೋರಿಸುವ ಹಣ ಸತತ 28 ದಿನ ಒಂದು ರೂಪಾಯಿಯೂ ಕಡಿಮೆಯಾಗದೆ ಇರಬೇಕು, ಸ್ಟೇಟ್‌ಮೆಂಟ್ 31 ದಿನಕ್ಕಿಂತ ಹಳೆಯದಾಗಿರಬಾರದು. 27ನೇ ದಿನ ಎಟಿಎಂನಿಂದ ಎರಡು ಸಾವಿರ ತೆಗೆದು ವೀಸಾ ಕಳೆದುಕೊಂಡವರಿದ್ದಾರೆ. ಎರಡನೆಯದು, ಒಪ್ಪಿಗೆ ಪಡೆದ ಕೇಂದ್ರದಲ್ಲಿ ಕ್ಷಯರೋಗದ ಪರೀಕ್ಷೆ. ಮೂರನೆಯದು ಆರೋಗ್ಯ ಶುಲ್ಕ, ವರ್ಷಕ್ಕೆ 776 ಪೌಂಡ್. ವೀಸಾದ ಅವಧಿ ಕೋರ್ಸ್‌ಗಿಂತ ಕೆಲವು ತಿಂಗಳು ಜಾಸ್ತಿ ಇರುವುದರಿಂದ ಅದಕ್ಕೂ ಸೇರಿಸಿ ಕಟ್ಟಬೇಕಾಗುತ್ತದೆ.

## ಹಂತ 9: ಮೊದಲ ಆರು ವಾರ

ನಮ್ಮಲ್ಲಿ ಮೇಷ್ಟ್ರು ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಅಲ್ಲಿ ವಾರಕ್ಕೆ ನೂರಾರು ಪುಟ ಓದಿಕೊಂಡು ಹೋಗಿ ನೀವೇ ಮಾತಾಡಬೇಕು. ಎಲ್ಲವನ್ನೂ ಓದಲು ಹೋದವರು ಮೂರನೇ ವಾರಕ್ಕೆ ಹಾಸಿಗೆ ಹಿಡಿಯುತ್ತಾರೆ. ತೀರ್ಪಿನ ಮುಖ್ಯ ಪ್ಯಾರಾ, ಲೇಖನದ ಮೊದಲ ಮತ್ತು ಕೊನೆಯ ಭಾಗ, ಒಂದು ತಕರಾರು. ಇಷ್ಟಿದ್ದರೆ ಸೆಮಿನಾರ್‌ನಲ್ಲಿ ಬಾಯಿ ತೆರೆಯಬಹುದು.

ಅಡಿಟಿಪ್ಪಣಿ ಹಾಕುವ ಪದ್ಧತಿಯನ್ನು, ಬ್ರಿಟನ್‌ನಲ್ಲಾದರೆ ಹೆಚ್ಚಾಗಿ ಆಸ್ಕೋಲಾ, ಊರಿನಲ್ಲೇ ಕಲಿತು ಹೋಗಿ. ಬೇರೆಯವರ ಸಾಲನ್ನು ಹೆಸರು ಹೇಳದೆ ಬಳಸಿದರೆ ಅದು ಅಲ್ಲಿ ಕಳ್ಳತನ. ನೋಟ್ಸ್ ನೋಡಿ ಬರೆಯುವ ಅಭ್ಯಾಸದವರು ಕೆಟ್ಟ ಉದ್ದೇಶ ಇಲ್ಲದೆಯೂ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಮೊದಲ ಸಣ್ಣ ಪ್ರಬಂಧದಲ್ಲಿ ಕಡಿಮೆ ಅಂಕ ಬರುವುದು ಮಾಮೂಲಿ. ಎರಡನೆಯದರಲ್ಲೂ ಅದೇ ಟೀಕೆ ಬಂದರೆ ಆ ವಾರವೇ ಟ್ಯೂಟರ್ ಬಳಿ ಹೋಗಿ ಕುಳಿತುಕೊಳ್ಳಿ.

## ಹಂತ 10: ಪ್ರೌಢ ಪ್ರಬಂಧ

ಹಂತ 1ರ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ರಿಟನ್‌ನಲ್ಲಿ ಬೇಸಿಗೆಯ ತಿಂಗಳುಗಳು ಇದಕ್ಕೇ ಮೀಸಲು. ಭಟ್ಟಿಯ ಕೂಲಿಗಳನ್ನೋ ಕಾವಲಿನ ಕುರಿಗಾಹಿಗಳನ್ನೋ ಮಾತಾಡಿಸಬೇಕು ಅಂತಿದ್ದರೆ ಯೂನಿವರ್ಸಿಟಿಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು. ಒಪ್ಪಿಗೆಗೆ ಮೊದಲು ಮಾಡಿದ ಸಂದರ್ಶನವನ್ನು ಪ್ರಬಂಧದಲ್ಲಿ ಬಳಸುವಂತಿಲ್ಲ. ಅರ್ಜಿಯನ್ನು ಫೆಬ್ರವರಿಯಲ್ಲೇ ಹಾಕಿ. ಅದರ ಜೊತೆ ಕನ್ನಡದ ಒಪ್ಪಿಗೆ ಪತ್ರ ಮತ್ತು ಅದರ ಇಂಗ್ಲಿಷ್ ಅನುವಾದ ಇರಬೇಕು. ಕನ್ನಡದ್ದನ್ನು ಕೋರ್ಟ್ ಭಾಷೆಯಲ್ಲಿ ಬರೆಯಬೇಡಿ. "ಬೇಡ ಅನಿಸಿದರೆ ಯಾವಾಗ ಬೇಕಾದರೂ ಮಾತು ನಿಲ್ಲಿಸಬಹುದು, ಯಾರೂ ಏನೂ ಅನ್ನುವುದಿಲ್ಲ" ಅಂತ ಬರೆಯಿರಿ. ಓದು ಬರದವರಿಗೆ ಅದನ್ನು ಓದಿ ಹೇಳಿ, ಹೂಂ ಎಂದಿದ್ದನ್ನು ರೆಕಾರ್ಡ್ ಮಾಡಿಕೊಳ್ಳಬಹುದೇ ಅಂತ ಸಮಿತಿಯನ್ನು ಅರ್ಜಿಯಲ್ಲೇ ಕೇಳಿ. ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಬೇಡ. ನಮ್ಮ ಕಡೆ ಹೆಬ್ಬೆಟ್ಟು ಅಂದರೆ ಜನಕ್ಕೆ ಸಾಲದ ಪತ್ರವೇ ನೆನಪಾಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.